ಹತ್ತುಮೀನಿಗೆ ದಾರಿ ಬಿಡಿ

ಕಳೆದ ವರ್ಷ ಮೇ ರಜೆಯಲ್ಲಿ ನನ್ನ ಹತ್ತು ವರ್ಷದ ಮಗ ಹಟ ಮಾಡಿ ಆನ್‌ಲೈನಿನಲ್ಲಿ ಒಂದು ಗಾಳದ ಕೋಲು ತರಿಸಿಕೊಂಡ. ಅಮೆರಿಕದವರು ಯಾರೋ ಮೊಣಕಾಲುದ್ದದ ತಿಳಿ ಹಳ್ಳದಲ್ಲಿ ನಿಂತು ಟ್ರೌಟ್ ಮೀನು ಹಿಡಿಯುವುದು, ಅದರ ಮೈಮೇಲಿನ ಚುಕ್ಕೆಗಳನ್ನು ಕ್ಯಾಮೆರಾಕ್ಕೆ ತೋರಿಸುವುದು, ಮತ್ತೆ ಮೆಲ್ಲಗೆ ನೀರಿಗೆ ಬಿಡುವುದು – ಇಂಥ ವಿಡಿಯೊಗಳನ್ನು ನೋಡಿ ನೋಡಿ ಅವನಿಗೆ ಹುಚ್ಚು ಹಿಡಿದಿತ್ತು. ಕೋಲಿನ ಪೆಟ್ಟಿಗೆ ಬಿಚ್ಚಿದವನೇ ಕೇಳಿದ: "ಅಪ್ಪಾ, ಡೊಂಬಿವಲಿ ಹತ್ತಿರ ಟ್ರೌಟ್ ಎಲ್ಲಿ ಸಿಗುತ್ತೆ?"

ನಾನು ನಕ್ಕುಬಿಟ್ಟೆ. ನಕ್ಕ ಮೇಲೆ ಸ್ವಲ್ಪ ನಾಚಿಕೆಯಾಯಿತು. ಹದಿನಾಲ್ಕು ವರ್ಷದಿಂದ ಈ ಊರಲ್ಲಿದ್ದೇನೆ. ಐರೋಲಿಯ ಆಫೀಸಿಗೆ ಹೋಗುವಾಗ ಕಳವಾ ಸ್ಟೇಷನ್ ದಾಟಿದ ಕೂಡಲೇ ರೈಲು ಖಾಡಿಯ ಸೇತುವೆ ಏರುತ್ತದೆ. ದಿನಕ್ಕೆ ಎರಡು ಸಲ ಆ ನೀರನ್ನು ದಾಟುತ್ತೇನೆ. ಟ್ರೌಟ್ ಇಲ್ಲ ಅನ್ನುವುದು ಗೊತ್ತು, ಸರಿ. ಹಾಗಾದರೆ ಏನಿದೆ? ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಟ್ರೌಟ್ ಯಾಕಿಲ್ಲ

ಟ್ರೌಟ್ ತಣ್ಣೀರಿನ ಮೀನು. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ನೀರಿನ ಬಿಸಿ 25 ದಾಟಿದರೆ ಟ್ರೌಟ್ ಬದುಕುವುದೇ ಕಷ್ಟ. ಹಾಗಾಗಿ ದಕ್ಷಿಣದಲ್ಲಿ ಅದು ಇರುವುದು ನೀಲಗಿರಿ, ಮುನ್ನಾರ್‌ನಂಥ ಎತ್ತರದ ತಂಪು ತೊರೆಗಳಲ್ಲಿ. ಅಲ್ಲಿಗೂ ಅದು ತಾನಾಗಿ ಬಂದದ್ದಲ್ಲ. ಗಾಳದ ಮೋಜಿಗೆ ಬ್ರಿಟಿಷರು ತಂದು ಬಿಟ್ಟದ್ದು.

ಇದನ್ನೆಲ್ಲ ಮಗನಿಗೆ ಹೇಳುತ್ತಿದ್ದಾಗ, ಊರಿಂದ ಬಂದಿದ್ದ ನನ್ನ ಮಾವ ಪೇಪರಿನಿಂದ ತಲೆ ಎತ್ತಿದರು. ಕೊಪ್ಪದ ಕಡೆಯವರು. "ಟ್ರೌಟ್ ಬಿಡು ಮಾರಾಯ. ಇಲ್ಲಿ ಹತ್ತುಮೀನು ಬರ್ತದಾ, ಅದನ್ನ ಕೇಳು."

"ಹತ್ತೇ ಮೀನಾ?" ಎಂದ ಮಗ. ಮುಂಬೈಯ ಕನ್ನಡದ ಮಕ್ಕಳಿಗೆ ಹತ್ತು ಅಂದರೆ ಅಂಕಿ ಮಾತ್ರ.

ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಬಯಲುಸೀಮೆಯ ನನ್ನಂಥವರಿಗಾಗಿ ಹೇಳುತ್ತೇನೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಹರಿಯತೊಡಗಿದಾಗ, ಹೊಳೆಯಲ್ಲಿದ್ದ ಮೀನುಗಳು ಹರಿವಿನ ಎದುರಿಗೆ ಈಜಿ ಹಳ್ಳ, ಹಳ್ಳದಿಂದ ಕಾಲುವೆ, ಕಾಲುವೆಯಿಂದ ಗದ್ದೆಗೆ ಏರುತ್ತವೆ. ಹೊಟ್ಟೆ ತುಂಬ ಮೊಟ್ಟೆ. ಗದ್ದೆಯ ಹೊಸ ನೀರು ಆಳವಿಲ್ಲದ್ದು, ಬೆಚ್ಚಗಿನದು, ಮರಿಗಳಿಗೆ ಬೇಕಾದ ಸಣ್ಣ ಆಹಾರ ತುಂಬಿದ್ದು. ದೊಡ್ಡ ಮೀನುಗಳ ಕಾಟವೂ ಕಡಿಮೆ. ಅಲ್ಲಿ ಮೊಟ್ಟೆ ಇಟ್ಟರೆ ಮರಿಗಳು ಬಲಿತು, ಮಳೆ ಇಳಿಯುವ ಹೊತ್ತಿಗೆ ನೀರಿನೊಂದಿಗೆ ಹೊಳೆಗೆ ಮರಳುತ್ತವೆ. ಹತ್ತಿ ಬರುವ ಈ ಮೀನೇ ಹತ್ತುಮೀನು. ಜನ ರಾತ್ರಿ ದೀಪ, ಕತ್ತಿ, ಕೂಣಿ ಹಿಡಿದು ಹೊರಡುತ್ತಾರೆ.

ಮರುದಿನ ಆಫೀಸಿನಲ್ಲಿ ಕರ್ಜತ್ ಕಡೆಯ ಮರಾಠಿ ಗೆಳೆಯನಿಗೆ ಈ ಕಥೆ ಹೇಳಿದೆ. ಅವನು ಕೂತಲ್ಲೇ ಎದ್ದು ಕೂತ. "ನಮ್ಮಲ್ಲಿ ಅದಕ್ಕೆ ವಲಗಣ ಅಂತಾರೆ. 'ಚಢಣೀಚೆ ಮಾಸೆ' ಅಂತಲೂ ಅನ್ನುತ್ತಾರೆ." ಚಢಣ ಅಂದರೆ ಏರು, ಹತ್ತುವುದು. ಸಹ್ಯಾದ್ರಿಯ ಎರಡು ತುದಿಗಳಲ್ಲಿ ಎರಡು ಭಾಷೆಗಳು ಒಂದೇ ಮೀನಿಗೆ ಒಂದೇ ಹೆಸರು ಇಟ್ಟಿದ್ದವು.

ವಾಂಗಣಿಯ ಒಂದು ರಾತ್ರಿ

ಜೂನ್ ಎರಡನೆಯ ವಾರ ಎರಡು ದಿನ ಬಿಡದೆ ಮಳೆ ಹೊಯ್ದಿತು. ಶನಿವಾರ ಸಂಜೆ ಮಾವ, ಮಗ, ನಾನು ಕರ್ಜತ್ ಲೋಕಲ್ ಹತ್ತಿ ವಾಂಗಣಿಯಲ್ಲಿ ಇಳಿದೆವು. ಗೆಳೆಯ ಹೇಳಿದ್ದ ರೈತರೊಬ್ಬರು ತಮ್ಮ ಗದ್ದೆಯ ಅಂಚಿಗೆ ಕರೆದುಕೊಂಡು ಹೋದರು. ಮೊದಲು ಪೆಟ್ರೊಮ್ಯಾಕ್ಸ್ ಇರುತ್ತಿತ್ತಂತೆ, ಈಗ ಹಣೆಗೆ ಕಟ್ಟುವ ಎಲ್‌ಇಡಿ ದೀಪ. ಬದುವಿನ ಒಂದು ಕಡಿತದಿಂದ ಗದ್ದೆಯ ನೀರು ಕೆಳಗಿನ ಹಳ್ಳಕ್ಕೆ ಧುಮುಕುತ್ತಿತ್ತು. ಬೆಳಕು ಬಿಟ್ಟಾಗ ಕಂಡಿತು: ಬೆರಳುದ್ದದ ಮೀನುಗಳು ಆ ಧಾರೆಗೆ ಎದುರಾಗಿ ಜಿಗಿಯುತ್ತಿದ್ದವು. ಬೀಳುವುದು, ಮತ್ತೆ ಜಿಗಿಯುವುದು. ಒಂದು ಹತ್ತಿತು. ಅದು ಗದ್ದೆಯ ಕೆಸರಲ್ಲಿ ಬಾಲ ಬಡಿಯುತ್ತ ಮರೆಯಾದಾಗ ಮಗ ಚಪ್ಪಾಳೆ ತಟ್ಟಿದ.

ಮೀಸೆಯ ಮೀನೊಂದನ್ನು ಎತ್ತಿ ರೈತರು "ಶಿಂಗಟಿ" ಎಂದರು. "ಗಿರ್ಲು!" ಎಂದರು ಮಾವ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅರ್ಧ ಗಂಟೆ ಕೈಸನ್ನೆಯಲ್ಲೇ ಮಾತಾಡಿಕೊಂಡರು. ನಡುವೆ ಅನುವಾದಕ್ಕೆ ನಾನಿದ್ದೆ. ರೈತರ ಮಾತಿನ ಸಾರ ಇಷ್ಟು: ಅವರ ತಂದೆಯ ಕಾಲದಲ್ಲಿ ಬುಟ್ಟಿ ತುಂಬುತ್ತಿತ್ತು, ಈಗ ಚೀಲದ ತಳ ಮುಚ್ಚಿದರೆ ಹೆಚ್ಚು. ಪಕ್ಕದ ಗದ್ದೆಗಳು ಪ್ಲಾಟುಗಳಾಗಿವೆ. ಹಳ್ಳಕ್ಕೆ ಎರಡು ಕಡೆ ಗೋಡೆ ಎದ್ದಿದೆ. ಹತ್ತುವ ಮೀನಿಗೆ ಹತ್ತಲು ಜಾಗವಿಲ್ಲ. ಉಳಿದ ನಾಲ್ಕು ಗದ್ದೆಗೆ ಬಂದಷ್ಟನ್ನೂ ಜನ ಹಿಡಿಯುತ್ತಾರೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮಪ್ಪ ಕೂಣಿ ಇಡುವಾಗ ಒಂದು ಕಂಡಿ ಹಾಗೇ ಬಿಡ್ತಿದ್ರು. ಎಲ್ಲ ಕಂಡಿಗೂ ಇಟ್ರೆ ಬೈತಿದ್ರು. ಬರುವ ವರ್ಷ ಏನು ತಿಂತೀಯ ಅಂತ." ಆ ಮಾತನ್ನು ಮರಾಠಿಗೆ ತಂದಾಗ ರೈತರು ತಲೆದೂಗಿದರು. ಸಮುದ್ರದ ಮೀನಿಗೆ ಸರ್ಕಾರ ಜೂನ್, ಜುಲೈಯಲ್ಲಿ ಎರಡು ತಿಂಗಳ ಬಿಡುವು ಕೊಟ್ಟಿದೆ. ಗದ್ದೆಗೆ ಹತ್ತುವ ಬಸುರಿ ಮೀನಿಗೆ ಅಂಥ ರಜೆಯಿಲ್ಲ. ಅಲ್ಲಿ ಉಳಿದದ್ದು ಒಂದು ಕಂಡಿ ಬಿಡುವ ಮನೆತನದ ಕಟ್ಟಳೆ ಮಾತ್ರ. ಅದೂ ಸಡಿಲವಾಗುತ್ತಿದೆ.

ಇದು ನಮ್ಮ ಭೀಮೆಯ ನೀರೂ ಹೌದು

ವಾಂಗಣಿಯ ಹಳ್ಳ ಸೇರುವುದು ಉಲ್ಹಾಸ್ ನದಿಗೆ. ಲೋಣಾವಳದ ಪಕ್ಕದ ರಾಜಮಾಚಿ ಬೆಟ್ಟಗಳಲ್ಲಿ ಹುಟ್ಟಿ, ಕರ್ಜತ್, ನೇರಳ್, ಬದಲಾಪುರ, ಉಲ್ಹಾಸನಗರ, ಕಲ್ಯಾಣಗಳನ್ನು ಮುಟ್ಟಿ, ಡೊಂಬಿವಲಿಯ ಬೆನ್ನಿಗೆ ಖಾಡಿಯಾಗಿ ಹಿಗ್ಗುತ್ತದೆ. ಕಲ್ಯಾಣ–ಡೊಂಬಿವಲಿಯ ನಲ್ಲಿಗಳಿಗೆ ಬರುವುದು ಮೋಹಿಲಿ, ಬಾರಾವೆಯ ಹತ್ತಿರ ಎತ್ತಿ ಶುದ್ಧ ಮಾಡಿದ ಇದೇ ನೀರು.

ಬೇಸಿಗೆಯಲ್ಲಿ ಕೊಂಕಣದ ಎಷ್ಟೋ ನದಿಗಳು ಕಲ್ಲುಗುಂಡಿಗಳಾದಾಗ ಉಲ್ಹಾಸ್ ಹೇಗೆ ಹರಿಯುತ್ತದೆ ಎಂದು ಹುಡುಕಿದಾಗ ನನಗೆ ಮೈ ಜುಮ್ಮೆಂದ ವಿಷಯ ಸಿಕ್ಕಿತು. ಘಟ್ಟದ ಮೇಲೆ ಆಂಧ್ರಾ ಎಂಬ ಸಣ್ಣ ನದಿಯಿದೆ. ಅದು ಇಂದ್ರಾಯಣಿಗೆ, ಇಂದ್ರಾಯಣಿ ಭೀಮೆಗೆ ಸೇರುತ್ತದೆ. ಟಾಟಾದವರು ಠೋಕರವಾಡಿಯಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿ, ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗಿನ ಭಿವಪುರಿಯಲ್ಲಿ 1922ರಿಂದ ವಿದ್ಯುತ್ ತೆಗೆಯುತ್ತಿದ್ದಾರೆ. ಟರ್ಬೈನ್ ತಿರುಗಿಸಿ ಹೊರಬಂದ ನೀರು ಪೇಜ್ ನದಿಯ ಮೂಲಕ ಉಲ್ಹಾಸ್ ಸೇರುತ್ತದೆ.

ನಾನು ಅಫಜಲಪುರ ತಾಲೂಕಿನವನು. ಭೀಮೆ ನಮ್ಮೂರಿನ ಹೊಳೆ. ಬೇಸಿಗೆಯಲ್ಲಿ ಅದರ ಮರಳಿನಲ್ಲಿ ವರತಿ ತೋಡಿ ಕೊಡ ತುಂಬಿದ ನೆನಪಿದೆ. ಆ ಹೊಳೆಗೆ ಇಳಿದು ಬರಬೇಕಾಗಿದ್ದ ನೀರಿನ ಒಂದು ಪಾಲು ನೂರು ವರ್ಷದಿಂದ ಇತ್ತ ತಿರುಗಿ, ಈಗ ನನ್ನ ಐದನೇ ಮಹಡಿಯ ನಲ್ಲಿಯಲ್ಲಿ ಬರುತ್ತಿದೆ. ಸರಿ ತಪ್ಪು ಬೇರೆ ಮಾತು. ಆದರೆ "ಇದು ಮರಾಠಿಯವರ ನದಿ, ನಮಗೇನು" ಎಂದು ಕೂರುವುದು ಅಂದಿನಿಂದ ನನ್ನಿಂದ ಆಗಿಲ್ಲ.

ಬದಲಾಪುರದಿಂದ ಖಾಡಿಯವರೆಗೆ

ಆ ಮಳೆಗಾಲ ಮುಗಿದ ಮೇಲೆ ಮೂರು ಭಾನುವಾರ ಮಗನೂ ನಾನೂ ನದಿಯ ಗುಂಟ ಇಳಿದೆವು. ಗಾಳದ ಕೋಲು ಜೊತೆಗಿತ್ತು.

ಬದಲಾಪುರದ ಮೇಲೆ ನೀರು ಇನ್ನೂ ನದಿಯಂತಿದೆ. ಕಲ್ಲು, ಮಡು, ಮತ್ತೆ ಕಲ್ಲು. ಸಣ್ಣ ಮೀನುಗಳು ಕಾಲಿಗೆ ಕಚ್ಚುತ್ತವೆ. ಅಲ್ಲಿಂದ ಕೆಳಗೆ ಒಡ್ಡುಗಳು ಸಿಗುತ್ತವೆ. ಕುಡಿಯುವ ನೀರು ಎತ್ತಲು ಒಡ್ಡು ಬೇಕು, ನಿಜ. ಆದರೆ ಮೀನಿಗೆ ಅದು ಗೋಡೆ. ದೊಡ್ಡ ಪ್ರವಾಹ ಬಂದು ಒಡ್ಡು ಮುಳುಗಿದಾಗ ಮಾತ್ರ ಬಾಗಿಲು ತೆರೆಯುತ್ತದೆ. ಜೊತೆಗೆ, ಒಡ್ಡಿನ ಹಿಂದೆ ನಿಂತ ನೀರಿಗೆ ಊರುಗಳ ನಾಲೆಗಳು ಬಂದು ಬೀಳುತ್ತವೆ. ಕೊಳಚೆಯಲ್ಲಿರುವ ಸಾರಜನಕ, ರಂಜಕ ಜಲಕಳೆಗೆ ಗೊಬ್ಬರ. ಮೋಹನೆಯ ಹತ್ತಿರ ಬೇಸಿಗೆಯಲ್ಲಿ ಹೋದರೆ ನದಿಯೇ ಕಾಣುವುದಿಲ್ಲ, ಹಸಿರು ಚಾದರ ಹಾಸಿದಂತಿರುತ್ತದೆ. ಬೆಳಕು, ಗಾಳಿ ಒಳಗಿಳಿಯುವುದಿಲ್ಲ. ಕೊಳಚೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ. ಮೀನುಗಾರಿಕೆಗೆ ಯೋಗ್ಯವೆನ್ನಲು ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ಅದಕ್ಕಿಂತ ಕೆಳಗಿಳಿದರೆ ಉಳಿಯುವುದು ಮೇಲಕ್ಕೆ ಬಂದು ಗಾಳಿ ಗುಟುಕರಿಸಬಲ್ಲ ಮೀನುಗಳು, ಎಲ್ಲವನ್ನೂ ತಾಳಿಕೊಳ್ಳುವ ತಿಲಾಪಿಯಾ. ಮಗನ ಗಾಳಕ್ಕೆ ಕಲ್ಯಾಣದಲ್ಲಿ ಮೊದಲ ಬಾರಿಗೆ ಸಿಕ್ಕಿದ್ದು ತಿಲಾಪಿಯಾವೇ. ಕುಣಿದ. "ಮನೆಗೆ ಒಯ್ಯೋಣವಾ?" ಎಂದ. ಪಕ್ಕದಲ್ಲಿ ಬೀಸುಬಲೆ ತೊಳೆಯುತ್ತಿದ್ದವರನ್ನು ಕೇಳಿದೆ, ತಿನ್ನಬಹುದೇ ಎಂದು. ಅವರು ಉತ್ತರ ಹೇಳಲಿಲ್ಲ, ಬಲೆ ತೊಳೆಯುತ್ತಲೇ ಇದ್ದರು. ಮೀನನ್ನು ವಾಪಸ್ಸು ಬಿಟ್ಟೆವು.

ಕಲ್ಯಾಣದ ಹತ್ತಿರ ಉಲ್ಹಾಸಿಗೆ ವಾಲಧುನಿ ಸೇರುತ್ತದೆ. ಇದರ ಕಥೆ ಇನ್ನೂ ಕಹಿ. ಅಂಬರನಾಥದ ಕಾಕೋಳೆಯ ಹತ್ತಿರ, ಹಿಂದೆ ರೈಲ್ವೆಯವರು ಉಗಿ ಎಂಜಿನ್ನುಗಳಿಗೆಂದು ಕಟ್ಟಿದ ಜಿಐಪಿ ಕೆರೆಯ ಕಡೆಯಿಂದ ಇಳಿದು ಬರುವ ತೊರೆ ಇದು. ಅಂಬರನಾಥದ ಶಿವಾಲಯವನ್ನು ನಮ್ಮಲ್ಲಿ ಅನೇಕರು ಶಿವರಾತ್ರಿಗೆ ನೋಡಿರುತ್ತೀರಿ. 1060ರಲ್ಲಿ ಪೂರ್ಣಗೊಂಡ ಗುಡಿ. ಕಟ್ಟಿಸಿದ ಶಿಲಾಹಾರರು ನಮ್ಮ ರಾಷ್ಟ್ರಕೂಟರ ಮಾಂಡಲಿಕರಾಗಿ ಬೆಳೆದವರು. ತೊರೆಯ ದಡ ನೋಡಿಯೇ ಗುಡಿಗೆ ಜಾಗ ಆರಿಸಿರಬೇಕು. ಇವತ್ತು ಗುಡಿಯ ಪಕ್ಕ ಹರಿಯುವುದನ್ನು ತೊರೆ ಎನ್ನಲು ನಾಲಿಗೆ ಏಳುವುದಿಲ್ಲ. 2014ರ ನವೆಂಬರಿನಲ್ಲಿ ಉಲ್ಹಾಸನಗರದಲ್ಲಿ ಯಾರೋ ರಾತ್ರಿ ಟ್ಯಾಂಕರಿನಿಂದ ಇದಕ್ಕೆ ರಾಸಾಯನಿಕ ಸುರಿದರು. ದಡದ ಮನೆಗಳ ನೂರಾರು ಜನ ಉಸಿರುಗಟ್ಟಿ ಆಸ್ಪತ್ರೆ ಸೇರಿದರು. ವನಶಕ್ತಿ ಎಂಬ ಸಂಸ್ಥೆ ಆಗಾಗಲೇ ಉಲ್ಹಾಸ್, ವಾಲಧುನಿಗಳ ಪರವಾಗಿ ಹಸಿರು ನ್ಯಾಯಮಂಡಳಿಯ ಪುಣೆ ಪೀಠದ ಮುಂದಿತ್ತು. 2015ರ ಜುಲೈಯಲ್ಲಿ ಬಂದ ತೀರ್ಪು, ಊರಾಡಳಿತಗಳೂ ಕೈಗಾರಿಕೆಗಳ ಶುದ್ಧೀಕರಣ ಘಟಕಗಳೂ ಸೇರಿ ನದಿಗಳ ದುರಸ್ತಿಗೆ 95 ಕೋಟಿ ರೂಪಾಯಿ ತೆರಬೇಕೆಂದಿತು. ಹತ್ತು ವರ್ಷ ದಾಟಿದೆ. ವಾಲಧುನಿಯ ಸೇತುವೆಯ ಮೇಲೆ ನಾವಿಬ್ಬರೂ ಮೂಗು ಮುಚ್ಚಿ ನಿಂತಿದ್ದಾಗ ಮಗ ಗಾಳದ ಕೋಲನ್ನು ಚೀಲದಿಂದ ಹೊರತೆಗೆಯಲೇ ಇಲ್ಲ.

ಮೂರನೆಯ ಭಾನುವಾರ ಥಾಣೆ ಖಾಡಿ. ಇಲ್ಲಿ ಗುಲಾಬಿ ಬಣ್ಣದ ಸಂಭ್ರಮ. ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಘೋಷಣೆಯಾಯಿತು, 2022ರಲ್ಲಿ ಖಾಡಿಗೆ ರಾಮ್ಸಾರ್ ಮಾನ್ಯತೆ ಬಂತು. ಐರೋಲಿಯಿಂದ ದೋಣಿಯಲ್ಲಿ ಹೋಗಿ ಸಾವಿರಾರು ಹಕ್ಕಿ ನೋಡುವುದು ಸುಖವೇ. ಆದರೆ ಫ್ಲೆಮಿಂಗೊ ತಿನ್ನುವುದು ಪಾಚಿ. ಕೊಳಚೆಯ ಸತ್ವದಿಂದ ಪಾಚಿ ಹುಲುಸಾಗಿ ಬೆಳೆಯುತ್ತದೆ, ಹಕ್ಕಿಗಳು ಹೆಚ್ಚಲು ಅದೂ ಒಂದು ಕಾರಣ ಎನ್ನುತ್ತಾರೆ ಬಲ್ಲವರು. ಹಕ್ಕಿ ಹೆಚ್ಚಾಯಿತು ಎಂದರೆ ನೀರು ಚೆನ್ನಾಯಿತು ಎಂದಲ್ಲ. ಅದನ್ನು ಕೇಳಬೇಕಾದ್ದು ಮೀನಿನವರನ್ನು. ಐರೋಲಿಯ ದಿವಾ ಕೋಳಿವಾಡೆಯಲ್ಲಿ ಒಬ್ಬ ಅಜ್ಜ ಬೆರಳು ಮಡಚುತ್ತ ಎಣಿಸಿದರು: ಜಿತಾಡಾ, ಬೋಯಿ, ನಿವಟಿ, ಚಿಂಬೋರಿ. ಪ್ರತಿ ಹೆಸರಿಗೂ "ಮೊದಲು ಇತ್ತು" ಎಂದು ಸೇರಿಸಿದರು. ತಳೋಜಾ ಕಡೆಯ ಕಾಸಾಡಿ ನದಿಯ ಮೀನುಗಾರರ ದೂರೂ ಇದೇ. 2017ರ ಆಗಸ್ಟಿನಲ್ಲಿ ತಳೋಜಾದ ಬೀದಿನಾಯಿಗಳು ನೀಲಿ ಬಣ್ಣಕ್ಕೆ ತಿರುಗಿದ ಫೋಟೊ ಪ್ರಪಂಚವೆಲ್ಲ ಸುತ್ತಿತು. ಮೀನು ಸತ್ತು ತೇಲಿದ ಫೋಟೊ ಅಷ್ಟು ದೂರ ಹೋಗುವುದಿಲ್ಲ.

ಮೀನು ಬಿಡುವುದು, ದಾರಿ ಬಿಡುವುದು

ಈ ತಿರುಗಾಟದ ಬಗ್ಗೆ ಸೊಸೈಟಿಯ ಗೆಳೆಯರಿಗೆ ಹೇಳಿದಾಗ ಹೆಚ್ಚಿನವರು ಕೊಟ್ಟ ಸಲಹೆ ಒಂದೇ: "ಹ್ಯಾಚರಿಯಿಂದ ಒಂದಷ್ಟು ಮರಿ ತಂದು ಬಿಟ್ಟರಾಯಿತಲ್ಲ!" ಕೇಳಲು ಸುಲಭ. ಈ ಪ್ರಯೋಗ ನಮ್ಮ ಕಾವೇರಿಯಲ್ಲಿ ನಡೆದಿದೆ. ಅದರ ಬೇರು ಇಲ್ಲೇ ಲೋಣಾವಳದಲ್ಲಿದೆ.

ಕಾವೇರಿಯ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಸೀರ್ ಜಗತ್ತಿನ ಗಾಳಗಾರರ ಕನಸಿನ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಡೈನಮೈಟ್ ಹಾವಳಿಯಿಂದ ಮೀನು ಕಡಿಮೆಯಾದಾಗ, ಲೋಣಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ತಂದು ಕಾವೇರಿಗೆ ಬಿಟ್ಟರು. ಅವು ಚೆನ್ನಾಗಿ ಬೆಳೆದವು. ಬೆಳೆದು ಬೆಳೆದು ಮೂಲನಿವಾಸಿಯನ್ನೇ ಮೂಲೆಗೆ ತಳ್ಳಿದವು. ಇದು ಗೊತ್ತಾದದ್ದು ಹೇಗೆ? ಗಾಲಿಬೋರೆಯ ಶಿಬಿರದಲ್ಲಿ ಮೀನು ಹಿಡಿದು ಬಿಡುತ್ತಿದ್ದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದ. ಕಿತ್ತಳೆ ರೆಕ್ಕೆಯವು ಕಾಣೆಯಾಗುತ್ತ ಬಂದದ್ದು ಆ ಸಾಲುಗಳಲ್ಲಿತ್ತು. 2018ರಲ್ಲಿ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತುಮಾಡಿದರು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಮಗನ ಟ್ರೌಟ್ ವಿಡಿಯೊದವರೂ ಈ ಪಾಠ ಕಲಿತವರೇ. ಅಮೆರಿಕದ ಮಿಷಿಗನ್ ರಾಜ್ಯದ ಔ ಸೇಬಲ್ ನದಿಯ ದಡದಲ್ಲಿ 1959ರಲ್ಲಿ ಕೆಲವು ಗಾಳಗಾರರು ಸೇರಿ 'ಟ್ರೌಟ್ ಅನ್‌ಲಿಮಿಟೆಡ್' ಎಂಬ ಸಂಘ ಕಟ್ಟಿದರು. ಸಾಕಿದ ಮೀನನ್ನು ತಂದು ಸುರಿಯುವುದರ ಬದಲು ತೊರೆಯನ್ನು ಸರಿಪಡಿಸಿ, ಮೀನು ತಾನೇ ಹೆಚ್ಚುತ್ತದೆ ಎಂಬುದು ಅವರ ವಾದ. ದಡದ ಮರ ಉಳಿಸುವುದು, ಕುಸಿದ ಮಣ್ಣು ನೀರಿಗೆ ಹೋಗದಂತೆ ತಡೆಯುವುದು, ಹಳೇ ಒಡ್ಡು ತೆಗೆಯುವುದು – ಇದೇ ಅವರ ಕೆಲಸ. ನಮ್ಮ ಮಾವನ ತಂದೆಯ ಮಾತಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಮೀನು ಬಿಡುವುದಲ್ಲ, ದಾರಿ ಬಿಡುವುದು.

ನಮ್ಮ ಕಡೆ ನದಿ ಪುನರುಜ್ಜೀವನ ಅಂದ ಕೂಡಲೇ ದಡಕ್ಕೆ ಕಾಂಕ್ರೀಟ್ ಗೋಡೆ, ಅದರ ಮೇಲೆ ಟೈಲ್ಸ್, ದೀಪ, ವಾಕಿಂಗ್ ಟ್ರ್ಯಾಕ್. ಗೋಡೆ ಎದ್ದಲ್ಲಿ ಮೀನು ಗದ್ದೆಗೆ ಹತ್ತುವುದಿಲ್ಲ. ನೆರೆಗೂ ಹರಡಿಕೊಳ್ಳಲು ಜಾಗವಿರುವುದಿಲ್ಲ. 2019ರ ಜುಲೈ 27ರಂದು ಬದಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ಸಿಕ್ಕಿ, ಸಾವಿರದಷ್ಟು ಪ್ರಯಾಣಿಕರನ್ನು ದೋಣಿಗಳಲ್ಲಿ ಕರೆತಂದದ್ದು ನೆನಪಿದೆಯಲ್ಲ? ಅಲ್ಲೇ ಮೀನು ಹತ್ತುವ ಗದ್ದೆಗಳಿವೆ. ಮಳೆಗಾಲದ ನೀರಿಗೂ ಮೀನಿಗೂ ಬೇಕಾದದ್ದು ಒಂದೇ ಜಾಗ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಕೆಲಸ ಆಡಳಿತದ್ದು: ನಾಲೆಯ ನೀರನ್ನು ನದಿಗೆ ಬೀಳುವ ಮೊದಲೇ ಹಿಡಿದು ಶುದ್ಧ ಮಾಡುವುದು, ಒಡ್ಡುಗಳ ಪಕ್ಕ ಮೀನು ಹತ್ತಲು ಮೆಟ್ಟಿಲು ಕಾಲುವೆ ಬಿಡುವುದು, ಹಳ್ಳಗಳನ್ನು ಕಾಂಕ್ರೀಟ್ ಡಬ್ಬಿ ಮಾಡದಿರುವುದು. ಸಣ್ಣ ಕೆಲಸ ನಮ್ಮದು. ನಿಮ್ಮ ಸೊಸೈಟಿಯಲ್ಲಿ ಕೊಳಚೆ ಶುದ್ಧೀಕರಣ ಘಟಕವಿದ್ದರೆ ಅದು ನಿಜವಾಗಿ ಓಡುತ್ತಿದೆಯೇ ಎಂದು ಮುಂದಿನ ಸಭೆಯಲ್ಲಿ ಕೇಳಿ. ನಮ್ಮಲ್ಲಿ ಕೇಳಿದಾಗ ತಿಳಿಯಿತು, ಕರೆಂಟ್ ಬಿಲ್ ಉಳಿಸಲು ಎಂಟು ತಿಂಗಳಿಂದ ಪಂಪು ನಿಲ್ಲಿಸಿದ್ದರು. ಆ ಎಂಟು ತಿಂಗಳ ಕೊಳಚೆಯಲ್ಲಿ ನನ್ನ ಮನೆಯದೂ ಇತ್ತು. ವಾಲಧುನಿಯ ಸೇತುವೆಯ ಮೇಲೆ ಯಾರನ್ನೋ ಬೈದುಕೊಂಡದ್ದು ನೆನಪಾಗಿ ಸಭೆಯಲ್ಲಿ ಮಾತು ತಡವರಿಸಿತು. ಈಗ ಪಂಪು ಓಡುತ್ತಿದೆ. ಜಗಳವೂ ಆಯಿತು. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಉಲ್ಹಾಸ್ ನೀರಿನ ಪರೀಕ್ಷೆಯ ಅಂಕಿಗಳನ್ನು ಪ್ರಕಟಿಸುತ್ತದೆ. ನಾವು ಕುಡಿಯುವ ನದಿಯ ಅಂಕಿ ಓದಲು ಐದು ನಿಮಿಷ ಸಾಕು.

ಮಗ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಗಾಲಿಬೋರೆಯ ಕಥೆ ಕೇಳಿದ ಮೇಲೆ ಶುರುವಾದದ್ದು. ದಿನಾಂಕ, ಜಾಗ, ಮೀನಿನ ಹೆಸರು ಕನ್ನಡದಲ್ಲಿ, ಮರಾಠಿಯಲ್ಲಿ. ಕಂಡದ್ದೆಷ್ಟು, ಹಿಡಿದದ್ದೆಷ್ಟು. ವಾಲಧುನಿಯ ಪುಟದಲ್ಲಿ ದಿನಾಂಕ ಬರೆದು ಕೆಳಗೆ ದೊಡ್ಡ ಸೊನ್ನೆ ಹಾಕಿದ್ದಾನೆ. ಆ ಪುಟದಲ್ಲಿ ಇನ್ನೂ ಜಾಗ ಬಿಟ್ಟಿದ್ದಾನೆ.

ಜೂನಿನ ಮೊದಲ ಜೋರು ಮಳೆಯ ಶನಿವಾರ ನಾವು ಮತ್ತೆ ವಾಂಗಣಿಗೆ ಹೋಗುತ್ತೇವೆ. ಮಾವನೂ ಆ ಹೊತ್ತಿಗೆ ಬರುತ್ತೇನೆಂದಿದ್ದಾರೆ. ಓದುಗರಲ್ಲಿ ಯಾರಾದರೂ ಮಕ್ಕಳನ್ನು ಕರೆದುಕೊಂಡು ಬರುವುದಾದರೆ ಬನ್ನಿ. ಟಾರ್ಚು, ಜಾರದ ಚಪ್ಪಲಿ ಇರಲಿ. ಕತ್ತಿ, ಕೂಣಿ ಬೇಡ. ಈ ಸಲ ನೋಡಿ ಬರೋಣ ಅಷ್ಟೇ.